ಬರಿಗಾಲಲ್ಲಿ ಯುರೋಪಿಗೆ ಹೋಗಿ ಬಂದ ನಮ್ಮೂರಿನ ಅಹ್ಮದ್ ಖಾನ್

ನಮ್ಮ ಅಬ್ಬಿಗೆರೆಯಲ್ಲಿ ಸಂಜೆ ಹೊತ್ತು ಖಾಲಿ ಸೈಟುಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರ ಬೆನ್ನುಗಳನ್ನು ಓದುತ್ತಾ ಹೋದರೆ ಸಾಕು, ಅರ್ಧ ಯುರೋಪ್ ಸುತ್ತಿ ಬಂದ ಹಾಗಾಗುತ್ತದೆ. ಒಬ್ಬ ಮೆಸ್ಸಿ, ಇನ್ನೊಬ್ಬ ಡಿ ಬ್ರೂಯ್ನೆ, ಮತ್ತೊಬ್ಬ ಮೋಡ್ರಿಚ್. ಮೋಡ್ರಿಚ್ ಎಲ್ಲೆಲ್ಲಿ ಆಡಿದ ಅಂತ ಕೇಳಿದರೆ ಝಾಗ್ರೆಬ್, ಲಂಡನ್, ಮ್ಯಾಡ್ರಿಡ್, ಮಿಲಾನ್ ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಮಿಡ್‌ಫೀಲ್ಡರ್ ಅಂದರೆ ಕ್ಲಬ್ಬಿನಿಂದ ಕ್ಲಬ್ಬಿಗೆ, ದೇಶದಿಂದ ದೇಶಕ್ಕೆ ಹೋಗುತ್ತಾ ಹೆಸರು, ದುಡ್ಡು ಎರಡನ್ನೂ ಗಳಿಸುವವನು. ಇದು ಈಗ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕತೆ.

ಆದರೆ ಇದೇ ಬೆಂಗಳೂರಿನಲ್ಲಿ ಹುಟ್ಟಿ, ಇದೇ ಬೆಂಗಳೂರಿನಲ್ಲಿ ತೀರಿಕೊಂಡ ಒಬ್ಬರು ಎರಡು ಒಲಿಂಪಿಕ್ಸ್ ಆಡಿದ್ದರು, ಆ ಕಾಲದ ಯುರೋಪಿನ ಬಲಾಢ್ಯ ತಂಡವೊಂದಕ್ಕೆ ಗೋಲು ಹೊಡೆದಿದ್ದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರ ಹೆಸರು ಅಹ್ಮದ್ ಖಾನ್. ಹುಟ್ಟಿದ್ದು 1926ರ ಡಿಸೆಂಬರ್ 24. ಕಲ್ಕತ್ತಾದ ಹಳೇ ಫುಟ್‌ಬಾಲ್ ಹುಚ್ಚರ ಮುಂದೆ ಈ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ. ಬೆಂಗಳೂರಿನಲ್ಲಿ ಹೇಳಿದರೆ "ಯಾರು, ಕ್ರಿಕೆಟ್ಟಾ?" ಅನ್ನುತ್ತಾರೆ :)

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗ ಬೆಂಗಳೂರು ಅನ್ನುವುದು ಎರಡು ಊರು. ಒಂದು ಕಡೆ ಮೈಸೂರು ಮಹಾರಾಜರ ಆಡಳಿತದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ಕೈಯಲ್ಲಿದ್ದ ದಂಡು. ಫುಟ್‌ಬಾಲ್ ಬಂದಿದ್ದು, ಬೆಳೆದಿದ್ದು ದಂಡಿನಲ್ಲಿ. ಅಲ್ಲಿದ್ದ ಗೋರಾ ರೆಜಿಮೆಂಟುಗಳು ಆಡುತ್ತಿದ್ದವು, ಸುತ್ತಮುತ್ತಲಿನ ಹುಡುಗರು ನೋಡಿ ಕಲಿತರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ... ಇಲ್ಲಿನ ಮನೆಗಳಲ್ಲಿ ತಮಿಳು ಇತ್ತು, ಉರ್ದು ಇತ್ತು, ಆಂಗ್ಲೋ ಇಂಡಿಯನ್ನರ ಇಂಗ್ಲಿಷ್ ಇತ್ತು. ಸೈನಿಕರ ಹತ್ತಿರ ಬೂಟು ಇತ್ತು, ಈ ಹುಡುಗರ ಹತ್ತಿರ ಇರಲಿಲ್ಲ. ಬೂಟಿಗೆ ದುಡ್ಡೂ ಇರಲಿಲ್ಲ, ಬೆಂಗಳೂರಿನ ಗಟ್ಟಿ ನೆಲದ ಮೇಲೆ ಅದರ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ. ಕಾಲಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿಕೊಂಡರೆ ಆಯಿತು, ಆಟ ಶುರು.

ಹೀಗೆ ಆಡಿದವರು ಸಾಧಾರಣದವರಾಗಿರಲಿಲ್ಲ. ಬಾಂಬೆಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು, ಅದರಲ್ಲಿ ಗೆಲ್ಲುತ್ತಿದ್ದುದೆಲ್ಲ ಬ್ರಿಟಿಷ್ ಸೇನೆಯ ತಂಡಗಳೇ. 1937ರಲ್ಲಿ ಆ ಸಾಲನ್ನು ಮುರಿದದ್ದು ಕಲ್ಕತ್ತಾದವರಲ್ಲ, ಬಾಂಬೆಯವರೂ ಅಲ್ಲ, ನಮ್ಮ 'ಬೆಂಗಳೂರು ಮುಸ್ಲಿಮ್ಸ್' ತಂಡ. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು. ಆಗ ಅಹ್ಮದ್ ಖಾನ್ ಹತ್ತು ಹನ್ನೊಂದು ವರ್ಷದ ಹುಡುಗ. ಕೆಲವು ವರ್ಷಗಳ ನಂತರ ಅವರೂ ಅದೇ ತಂಡಕ್ಕೆ ಆಡಿದರು. ಇನ್ನು ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲ ಸಲ ಗೆದ್ದದ್ದು 1946-47ರಲ್ಲಿ, ಅದೂ ಬಂಗಾಳವನ್ನು ಸೋಲಿಸಿ!

ಅಹ್ಮದ್ ಖಾನ್ ಆಡುತ್ತಿದ್ದ ಜಾಗಕ್ಕೆ ಆಗ 'ಇನ್‌ಸೈಡ್ ಲೆಫ್ಟ್' ಅನ್ನುತ್ತಿದ್ದರು. ಈಗಿನವರಿಗೆ ಇದು ಗೊಂದಲವಾಗಬಹುದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಆಗಿನ ತಂಡದಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಬ್ಯಾಕು, ಅವರ ಮುಂದೆ ಮೂವರು ಹಾಫ್ ಬ್ಯಾಕು, ಅವರ ಮುಂದೆ ಐದು ಜನ ಫಾರ್ವರ್ಡುಗಳು. ಆ ಐವರಲ್ಲಿ ಎರಡು ತುದಿಯವರು ಗೆರೆಯ ಪಕ್ಕ ಓಡುವವರು, ನಡುವಿನವನು ಗೋಲು ಹೊಡೆಯುವವನು. ಮಿಕ್ಕ ಇಬ್ಬರು 'ಇನ್‌ಸೈಡ್'ಗಳು. ಇವರ ಕೆಲಸ ಹಿಂದಕ್ಕೆ ಬಂದು ಹಾಫ್ ಬ್ಯಾಕುಗಳಿಂದ ಚೆಂಡು ತೆಗೆದುಕೊಂಡು, ಎದುರಾಳಿಗಳನ್ನು ತಪ್ಪಿಸಿ, ಮುಂದಿನವನ ಕಾಲಿಗೆ ಒಪ್ಪಿಸುವುದು. ಹೆಸರಿಗೆ ಫಾರ್ವರ್ಡ್, ಕೆಲಸ ಮಿಡ್‌ಫೀಲ್ಡರಿನದು. ಇವತ್ತು ಹತ್ತನೇ ನಂಬರಿನ ಅಂಗಿ ಹಾಕಿಕೊಂಡು ಮೈದಾನದ ನಡುವೆ ಆಟ ಕಟ್ಟುವವರ ಅಜ್ಜ ಅಂದುಕೊಳ್ಳಿ. ಅಹ್ಮದ್ ಖಾನ್ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ತಿರುಗುತ್ತಿದ್ದ ಪರಿ ನೋಡಿ ಕಲ್ಕತ್ತಾದ ಜನ ಅವರಿಗೆ ಇಟ್ಟ ಹೆಸರು 'ಹಾವಾಡಿಗ'!

ಈಗ 1948ಕ್ಕೆ ಬರೋಣ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್, ಲಂಡನ್ನಿನಲ್ಲಿ. ಭಾರತದ ಮೊದಲ ಎದುರಾಳಿ ಬರ್ಮಾ ಹಿಂದೆ ಸರಿದಿದ್ದರಿಂದ ನಮ್ಮವರು ನೇರವಾಗಿ ಫ್ರಾನ್ಸ್ ಎದುರು ಇಳಿದರು. ಜುಲೈ 31, ಇಲ್‌ಫರ್ಡ್ ಮೈದಾನ. ನಾಯಕ ನಾಗಾಲ್ಯಾಂಡಿನ ಟಾಲಿಮೆರೆನ್ ಆವೊ. ತಂಡದ ಪಟ್ಟಿ ನೋಡಿದರೆ ನಮ್ಮೂರಿನ ಮೆರವಣಿಗೆಯೇ ಇದೆ. ಗೋಲಿನಲ್ಲಿ ಕೆಂಚಪ್ಪ ವರದರಾಜ್, ಹಾಫ್ ಬ್ಯಾಕ್ ಬಷೀರ್, ಮುಂದೆ ವಜ್ರವೇಲು, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಜೊತೆಗೆ ತಂಡದಲ್ಲಿ ಧನರಾಜ್. ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಫುಟ್‌ಬಾಲ್ ಗೋಲು ಅದು, ಹೊಡೆದದ್ದು ಬೆಂಗಳೂರಿನ ಕಾಲು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಹೋದವು. ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು 2-1ರಲ್ಲಿ ಗೆದ್ದಿತು.

ನಿಮ್ಮವರು ಬೂಟು ಯಾಕೆ ಹಾಕಲ್ಲ ಅಂತ ಅಲ್ಲಿಯ ಪತ್ರಿಕೆಯವರು ಕೇಳಿದ್ದಕ್ಕೆ, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಅನ್ನುವ ಅರ್ಥದ ಉತ್ತರವನ್ನು ಆವೊ ಕೊಟ್ಟರಂತೆ. ನಗು ಬರುವ ಮಾತು, ಆದರೆ ಸುಮ್ಮನೆ ಹೇಳಿದ್ದೇನಲ್ಲ. ಒಲಿಂಪಿಕ್ಸ್ ನಂತರ ಇದೇ ತಂಡ ಯುರೋಪ್ ಪ್ರವಾಸ ಮಾಡಿ ಹಾಲೆಂಡಿನ ಅಯಾಕ್ಸ್ ತಂಡವನ್ನು ಸೋಲಿಸಿ ಬಂತು. ಹೌದು, ಮುಂದೆ ಕ್ರೈಫ್ ಆಡಿದ ಅದೇ ಅಯಾಕ್ಸ್!

ಈ ಜಾಗದಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಬರಬೇಕು. ಇಷ್ಟು ಆಡಿದವರನ್ನು ಅಲ್ಲಿಯ ಕ್ಲಬ್ಬುಗಳು ಯಾಕೆ ಉಳಿಸಿಕೊಳ್ಳಲಿಲ್ಲ? ದಾರಿಯೇ ಇರಲಿಲ್ಲವಾ?

ಒಂದು ಕಾಲುದಾರಿ ಇತ್ತು. 1936ರಲ್ಲಿ ಕಲ್ಕತ್ತಾದ ಮೊಹಮ್ಮದ್ ಸಲೀಂ ಸ್ಕಾಟ್‌ಲೆಂಡಿನ ಸೆಲ್ಟಿಕ್ ಕ್ಲಬ್ಬಿನ ಎರಡನೇ ತಂಡಕ್ಕೆ ಬರಿಗಾಲಲ್ಲೇ ಎರಡು ಪಂದ್ಯ ಆಡಿ ಅಲ್ಲಿಯ ಜನರನ್ನು ಬೆರಗುಗೊಳಿಸಿದ್ದರು. ಸೆಲ್ಟಿಕ್‌ನವರು ಇರು ಅಂದರೂ ಊರಿನ ನೆನಪಾಗಿ ವಾಪಸ್ ಬಂದುಬಿಟ್ಟರು. ಅವರ ಹಿಂದೆ ಇನ್ನೊಬ್ಬರು ಹೋಗಲಿಲ್ಲ. ಆಗ ಯುರೋಪಿನಲ್ಲೂ ಈಗಿನ ಹಾಗೆ ಕೋಟಿಗಳ ವ್ಯವಹಾರ ಇರಲಿಲ್ಲ ಬಿಡಿ. ಇಂಗ್ಲೆಂಡಿನಲ್ಲಿ ಆಟಗಾರನ ವಾರದ ಸಂಬಳಕ್ಕೆ ಮಿತಿ ಇತ್ತು, ಅದು ಹೋಗಿದ್ದು 1961ರಲ್ಲಿ, ಆಗ ಮಿತಿ 20 ಪೌಂಡ್. ಜೊತೆಗೆ ಒಲಿಂಪಿಕ್ಸ್ ಅಂದರೆ ಹವ್ಯಾಸಿಗಳಿಗೆ ಮಾತ್ರ. ದುಡ್ಡು ತಗೊಂಡು ಆಡಿದರೆ ದೇಶದ ಅಂಗಿ ಕಳಚಿಡಬೇಕು.

ಹೀಗಾಗಿ ಬೆಂಗಳೂರಿನ ಒಳ್ಳೆ ಆಟಗಾರನಿಗೆ ಇದ್ದ 'ಯುರೋಪ್' ಅಂದರೆ ಕಲ್ಕತ್ತಾ. ಅಲ್ಲೂ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಆದರೆ ರೈಲ್ವೆಯಲ್ಲೋ ಬಂದರಿನಲ್ಲೋ ಕಸ್ಟಮ್ಸ್‌ನಲ್ಲೋ ಒಂದು ನೌಕರಿ, ಉಳಿಯಲು ಮೆಸ್ಸು, ಗೆದ್ದರೆ ಇನಾಮು, ಮೈದಾನದ ತುಂಬ ಜನ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣದ ಊರೂರಿನ ಆಟಗಾರರ ಮೇಲೆ ಕಣ್ಣಿಟ್ಟವರು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಕಪ್ ಗೆದ್ದಿತು, ಫೈನಲ್‌ನಲ್ಲಿ ಸೋತದ್ದು ಮೋಹನ್ ಬಗಾನ್. 1949ರಲ್ಲಿ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು.

ಅಂದ ಹಾಗೆ ಅದೇ 1949ರಲ್ಲೇ ಪೇಟೆ ಮತ್ತು ದಂಡು ಸೇರಿ ಬೆಂಗಳೂರು ಕಾರ್ಪೊರೇಷನ್ ಆಗಿದ್ದು. ಊರು ಒಂದಾಯಿತು, ಆಟಗಾರ ಹೊರಟುಹೋದರು.

ಆ ಹೊತ್ತಿನ ಈಸ್ಟ್ ಬೆಂಗಾಲ್ ಅಂದರೆ ಬರೀ ಕ್ಲಬ್ ಅಲ್ಲ. ದೇಶ ವಿಭಜನೆಯಾಗಿ, ಪೂರ್ವ ಬಂಗಾಳದ ಮನೆ, ಹೊಲ, ಕೆರೆ ಎಲ್ಲ ಬಿಟ್ಟು ಕಲ್ಕತ್ತಾಕ್ಕೆ ಬಂದು ಬಿದ್ದ ಲಕ್ಷಾಂತರ ನಿರಾಶ್ರಿತರಿಗೆ ಕಳೆದುಹೋದ ಊರಿನ ಹೆಸರಲ್ಲಿ ಉಳಿದಿದ್ದ ಒಂದೇ ಗೆಲ್ಲುವ ವಸ್ತು ಅದು. ಧರ್ಮದ ಹೆಸರಲ್ಲಿ ನೆಲೆ ಕಳೆದುಕೊಂಡ ಆ ಜನ ಮೈದಾನದಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ್ದು ಬೆಂಗಳೂರಿನ ಅಹ್ಮದ್ ಖಾನ್ ಹೆಸರನ್ನು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಕಾಡುವ ಸಂಗತಿ ಇದೇ.

ಅಹ್ಮದ್ ಖಾನ್, ಧನರಾಜ್, ಅಪ್ಪಾ ರಾವ್, ವೆಂಕಟೇಶ್, ಸಾಲೆ. ಐವರೂ ದಕ್ಷಿಣದವರು. ಬಂಗಾಳಿಗಳು ಇವರನ್ನು 'ಪಂಚಪಾಂಡವರು' ಅಂತ ಕರೆದರು. ಹೋದ ವರ್ಷವೇ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. ಶೀಲ್ಡ್ 1949, 50, 51 ಸತತ ಮೂರು ವರ್ಷ. ಲೀಗ್ 1950, 1952ರಲ್ಲಿ ಮತ್ತೆ. ಡುರಾಂಡ್ ಕಪ್ 1951, 1952. ನಡುವೆ 1951ರ ಮಾರ್ಚಿನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದಾಗಲೂ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಈ ನಡುವೆ ತಪ್ಪಿಹೋದ ಒಂದು ಬಾಗಿಲಿದೆ. 1950ರ ವಿಶ್ವಕಪ್, ಬ್ರೆಜಿಲ್‌ನಲ್ಲಿ. ಭಾರತಕ್ಕೆ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತ ಹೋಗಲಿಲ್ಲ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಕತೆ, ಅದು ಆಮೇಲೆ ಬೆಳೆದದ್ದು. ದೂರದ ಹಡಗು ಪ್ರಯಾಣ, ತಂಡದ ಆಯ್ಕೆಯ ತಕರಾರು, ಎಲ್ಲಕ್ಕಿಂತ ಮುಖ್ಯವಾಗಿ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದು ಅನ್ನುವ ನಮ್ಮ ಸಂಸ್ಥೆಯ ನಂಬಿಕೆ, ಇವು ಕಾರಣಗಳು. ಅಹ್ಮದ್ ಖಾನ್‌ಗೆ ಆಗ 23 ವರ್ಷ. ಒಬ್ಬ ಮಿಡ್‌ಫೀಲ್ಡರಿಗೆ ಜಗತ್ತಿನ ಮುಂದೆ ನಿಲ್ಲಲು ಅದಕ್ಕಿಂತ ಒಳ್ಳೆ ವಯಸ್ಸು ಯಾವುದು?

ಮುಂದೆ 1952, ಹೆಲ್ಸಿಂಕಿ. ಎದುರಾಳಿ ಯುಗೊಸ್ಲಾವಿಯಾ, ಆ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡ. ಜುಲೈ 15ರಂದು ಪಂದ್ಯ. ಒಲಿಂಪಿಕ್ಸಿನ ಉದ್ಘಾಟನೆ ಇದ್ದದ್ದು 19ಕ್ಕೆ. ಅಂದರೆ ದೀಪ ಹಚ್ಚುವ ಮೊದಲೇ ನಮ್ಮವರ ಕತೆ ಮುಗಿದಿತ್ತು. 10-1. ಜೆಬೆಕ್ ಒಬ್ಬರೇ ನಾಲ್ಕು ಹೊಡೆದರು. ಬರಿಗಾಲಿನವರಿಗೆ ಆ ಚಳಿ, ಆ ಹುಲ್ಲು ಎರಡೂ ಒಗ್ಗಲಿಲ್ಲ. ಹತ್ತು ಗೋಲು ತಿಂದ ಮೇಲೆ, ಇನ್ನೇನು ಒಂದು ನಿಮಿಷ ಉಳಿದಿದೆ ಅನ್ನುವಾಗ, 89ನೇ ನಿಮಿಷದಲ್ಲಿ ಆ ಒಂದು ಗೋಲು ಹೊಡೆದದ್ದು ಅಹ್ಮದ್ ಖಾನ್.

ಜನ ಈ ಪಂದ್ಯವನ್ನು ಅವಮಾನ ಅಂತಲೇ ನೆನೆಯುತ್ತಾರೆ. ನಾನು ಇದನ್ನು ಬೇರೆ ಥರ ನೋಡ್ತೀನಿ. ಆ ಹೊತ್ತಿಗೆ ಭಾರತ ಒಲಿಂಪಿಕ್ಸಿನಲ್ಲಿ ಆಡಿದ್ದು ಎರಡೇ ಪಂದ್ಯ, ಹೊಡೆದದ್ದು ಎರಡೇ ಗೋಲು. ಒಂದು ರಾಮನ್, ಒಂದು ಅಹ್ಮದ್ ಖಾನ್. ಎರಡೂ ಬೆಂಗಳೂರಿನವು. ಫಲಿತಾಂಶ ತೀರ್ಮಾನವಾದ ಮೇಲೂ, ನೋಡುವವರೆಲ್ಲ ಎದ್ದು ಹೋಗುವ ಹೊತ್ತಿನಲ್ಲೂ, ಚೆಂಡಿಗಾಗಿ ಓಡುವ ಮನಸ್ಸು ಬೇಕಲ್ವಾ?

ಈ ಸೋಲಾದ ಮೇಲೆ ಬೂಟು ಕಡ್ಡಾಯವಾಯಿತು. ನಾವು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಆಟಗಾರನ ಕಡೆಯಿಂದ ಯೋಚಿಸಿ. ಚಿಕ್ಕಂದಿನಿಂದ ಹೆಬ್ಬೆರಳಿಂದ, ಅಂಗಾಲಿಂದ ಚೆಂಡಿನ ಜೊತೆ ಮಾತಾಡಿದವರು. ಅವರ ಎಲ್ಲ ಜಾದೂ ಆ ಚರ್ಮದಲ್ಲೇ ಇತ್ತು. 25 ದಾಟಿದ ಮೇಲೆ ಆ ಕಾಲಿಗೆ ಭಾರದ ಚರ್ಮದ ಬೂಟು ಹಾಕಿ, ಈಗ ಅದೇ ಆಟ ಆಡು ಅಂದರೆ? ವೀಣೆ ನುಡಿಸುವವರ ಕೈಗೆ ಗ್ಲೌಸ್ ತೊಡಿಸಿದ ಹಾಗೆ. ಆದರೂ ಅವರು ಈಸ್ಟ್ ಬೆಂಗಾಲ್‌ಗೆ 1959ರವರೆಗೆ ಆಡಿದರು. 1956ರಲ್ಲಿ ಕ್ಲಬ್ ಮತ್ತೆ ಡುರಾಂಡ್, 1958ರಲ್ಲಿ ಮತ್ತೆ ಶೀಲ್ಡ್ ಗೆದ್ದಿತು.

1953ರಲ್ಲಿ ಅವರಿಗೆ ಯುರೋಪಿನ ನೆಲ ಇನ್ನೊಮ್ಮೆ ಸಿಕ್ಕಿತು. ರುಮೇನಿಯಾದ ಬುಕಾರೆಸ್ಟಿನಲ್ಲಿ ನಡೆದ ವಿಶ್ವ ಯುವಜನ ಮೇಳಕ್ಕೆ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಕರೆ ಬಂತು, ಅಲ್ಲಿಂದ ತಂಡ ಸೋವಿಯತ್ ಒಕ್ಕೂಟಕ್ಕೂ ಹೋಯಿತು. ದೊಡ್ಡ ಸೋಲುಗಳೂ ಆದವು, ಆದರೆ ಮಾಸ್ಕೋದ ಟಾರ್ಪೆಡೊ ತಂಡದ ಜೊತೆ 3-3 ಡ್ರಾ ಮಾಡಿಕೊಂಡು ಬಂದರು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಬದುಕನ್ನು ಇಟ್ಟು ನೋಡೋಣ. ಹೆಲ್ಸಿಂಕಿಯ ಆ ಯುಗೊಸ್ಲಾವ್ ತಂಡದಲ್ಲಿ ವುಯಾದಿನ್ ಬೊಶ್ಕೊವ್ ಅಂತ ಒಬ್ಬ ಮಿಡ್‌ಫೀಲ್ಡರ್ ಇದ್ದರು, ಅಹ್ಮದ್ ಖಾನ್‌ಗಿಂತ ಐದು ವರ್ಷ ಚಿಕ್ಕವರು. ನೋವಿಸಾದ್ ಹತ್ತಿರದ ಹಳ್ಳಿಯವರು. ವೊಯ್ವೊದಿನಾ ಕ್ಲಬ್ಬಿಗೆ ಹತ್ತಾರು ವರ್ಷ ಆಡಿ, 1961ರಲ್ಲಿ ಇಟಲಿಯ ಸಂಪ್ದೋರಿಯಾಗೆ ಹೋದರು, ಅಲ್ಲಿಂದ ಸ್ವಿಟ್ಜರ್‌ಲೆಂಡಿನ ಯಂಗ್ ಫೆಲೋಸ್ ಜ್ಯೂರಿಕ್. ಆಟ ನಿಂತ ಮೇಲೆ ತರಬೇತುದಾರರಾದರು. 1980ರಲ್ಲಿ ರಿಯಲ್ ಮ್ಯಾಡ್ರಿಡ್ ಇವರ ಕೈಕೆಳಗೆ ಸ್ಪೇನಿನ ಲೀಗ್ ಗೆದ್ದಿತು, 1991ರಲ್ಲಿ ಸಂಪ್ದೋರಿಯಾ ಇಟಲಿಯ ಲೀಗ್ ಗೆದ್ದಿತು. ಅದೇ ತಂಡದ ಚೈಕೋವ್‌ಸ್ಕಿ ಜರ್ಮನಿಗೆ ಹೋಗಿ, ಮುಂದೆ ಬೆಕೆನ್‌ಬಾವರ್, ಮುಲ್ಲರ್ ಹುಡುಗರಾಗಿದ್ದಾಗ ಬಯರ್ನ್ ಮ್ಯೂನಿಕ್ ತಂಡವನ್ನು ಕಟ್ಟಿದರು. ನಾಲ್ಕು ಗೋಲಿನ ಜೆಬೆಕ್ ಅದೇ ಬಯರ್ನ್‌ಗೆ 1969ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು.

ಇವರೂ ಬಡ ದೇಶದಿಂದ ಬಂದವರು, ಇವರೂ ಕಾಗದದ ಮೇಲೆ ಹವ್ಯಾಸಿಗಳು. 10-1 ಅನ್ನುವ ಅಂತರ ಕಾಲುಗಳದ್ದು ಅಂತ ನಾವು ತಿಳಿದಿದ್ದೇವೆ. ನನಗನ್ನಿಸುವುದು, ದೊಡ್ಡ ಅಂತರ ಇದ್ದದ್ದು ಪಂದ್ಯ ಮುಗಿದ ಮೇಲೆ. ಅವರಿಗೆ ಮುಂದಕ್ಕೆ ರೈಲು ಇತ್ತು: ನೋವಿಸಾದ್, ಜಿನೋವಾ, ಜ್ಯೂರಿಕ್, ಮ್ಯಾಡ್ರಿಡ್. ಪ್ರತಿ ಊರಿನಲ್ಲೂ ಕಲಿಯಲು ಒಂದಿಷ್ಟು, ಕಲಿಸಲು ಒಂದಿಷ್ಟು. ನಮ್ಮವರ ರೈಲು ಹೌರಾದಲ್ಲಿ ನಿಂತು, ಅಲ್ಲಿಂದ ಸೀದಾ ಊರಿಗೆ ವಾಪಸ್ಸು. ಅರ್ಜುನ ಪ್ರಶಸ್ತಿ ಕೂಡ ಶುರುವಾಗಿದ್ದು 1961ರಲ್ಲಿ, ಅವರ ಆಟ ಮುಗಿದ ಮೇಲೆ.

ದಾರಿ ಸಿಕ್ಕರೆ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ಸಣ್ಣ ಸಾಕ್ಷಿ ಇದೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ, ರಹೀಂ ಸಾಹೇಬರ ತರಬೇತಿಯಲ್ಲಿ, ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲು ನಮ್ಮದು, ಸೋತದ್ದು 4-1ರಲ್ಲಿ. ನಾಲ್ಕು ವರ್ಷದಲ್ಲಿ ಹತ್ತು ನಾಲ್ಕಾಗಿತ್ತು! ಆ ತಂಡದ ಹಾಫ್ ಬ್ಯಾಕುಗಳಲ್ಲಿ ಒಬ್ಬರು ನಮ್ಮ ಮರಿಯಪ್ಪ ಕೆಂಪಯ್ಯ. 1960ರ ರೋಮ್ ಒಲಿಂಪಿಕ್ಸಿಗೂ ಹೋದವರು. ಅವರೂ ಹೆಸರು ಮಾಡಿದ್ದು ಕಲ್ಕತ್ತಾದಲ್ಲೇ, ಮೋಹನ್ ಬಗಾನ್ ಅಂಗಿಯಲ್ಲಿ.

ಅಹ್ಮದ್ ಖಾನ್ ತೀರಿಕೊಂಡದ್ದು 2017ರ ಆಗಸ್ಟ್ 27ರಂದು, ಬೆಂಗಳೂರಿನಲ್ಲಿ, 90ನೇ ವಯಸ್ಸಿನಲ್ಲಿ. ಅದೇ ವರ್ಷ ಬೆಂಗಳೂರು ಎಫ್‌ಸಿ ತಂಡಕ್ಕೆ ಡಿಮಾಸ್ ಡೆಲ್ಗಾಡೊ ಅನ್ನುವ ಸ್ಪೇನಿನ ಮಿಡ್‌ಫೀಲ್ಡರ್ ಬಂದರು. ಬಾರ್ಸಿಲೋನಾದ ಎರಡನೇ ತಂಡ, ನುಮಾನ್ಸಿಯಾ, ರೆಕ್ರಿಯೇಟಿವೊ, ಆಸ್ಟ್ರೇಲಿಯಾದ ಒಂದು ಕ್ಲಬ್, ಎಲ್ಲ ಸುತ್ತಿ ಕಂಠೀರವ ಸ್ಟೇಡಿಯಂಗೆ ಬಂದವರು. 2019ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಗೆದ್ದಾಗ ತಂಡದ ನಡುಭಾಗ ನಿಂತದ್ದು ಅವರ ಮೇಲೆ. ನಮ್ಮೂರಿನಿಂದ ಹೊರಡದ ಆ ದಾರಿಯಲ್ಲಿ ಎದುರು ಕಡೆಯಿಂದ ಒಬ್ಬರು ಬಂದ ಹಾಗಾಯಿತು. ಜನ ಅವರನ್ನು ಪ್ರೀತಿಸಿದರು, ತಪ್ಪೇನಿಲ್ಲ. ಹಲಸೂರು ಕಡೆಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ಇಟ್ಟುಕೊಂಡ ಊರು ನಮ್ಮದು, ಒಳ್ಳೆ ಆಟ ಎಲ್ಲಿಂದ ಬಂದರೂ ಕೈಮುಗಿಯುತ್ತೇವೆ.

ಕಷ್ಟ ಇರುವುದು ನಮ್ಮವರದ್ದೇ ನೆನಪಿಟ್ಟುಕೊಳ್ಳುವುದರಲ್ಲಿ. ಕಾರ್ಪೊರೇಷನ್ ಒಂದಾಗಿ ಮುಕ್ಕಾಲು ಶತಮಾನ ಕಳೆದರೂ ಕನ್ನಡದಲ್ಲಿ ಬರೆಯುವ ನಮ್ಮ ತಲೆಯೊಳಗೆ ಪೇಟೆ ಮತ್ತು ದಂಡು ಇನ್ನೂ ಬೇರೆ ಬೇರೆಯೇ. ದಂಡಿನವರು ತಮಿಳಿನವರು, ಉರ್ದುವಿನವರು, ಅವರ ಕತೆ ಅವರದು ಅಂತ ಬಿಟ್ಟುಬಿಟ್ಟೆವು. ಮೈಸೂರು 1952-53ರಲ್ಲಿ, 1967-68ರಲ್ಲಿ, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ಆ ಅಂಗಿಯ ಮೇಲೆ ಇದ್ದದ್ದು ನಮ್ಮ ನಾಡಿನ ಹೆಸರೇ. ಆಮೇಲೆ ಅದು ಮತ್ತೆ ಬಂದದ್ದು 54 ವರ್ಷದ ನಂತರ, 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿದಾಗ. ಆ ದಿನ ಎಷ್ಟೋ ಕಡೆ 54 ವರ್ಷ ಅಂತ ಲೆಕ್ಕ ಬಂತು, ಅಷ್ಟು ವರ್ಷದ ಹಿಂದೆ ಗೆದ್ದವರು ಯಾರು ಅನ್ನುವುದು ಮಾತ್ರ ಕೇಳಿಸಲಿಲ್ಲ.

ನಿಮ್ಮ ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಐವತ್ತು ಅರವತ್ತರ ದಶಕದ ಬೆಂಗಳೂರಿನ ಫುಟ್‌ಬಾಲ್ ನೋಡಿದ ತಾತಂದಿರು ಯಾರಾದರೂ ಇದ್ದರೆ ದಯವಿಟ್ಟು ಕೂತು ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಆ ಮೈದಾನ ಎಲ್ಲಿತ್ತು, ಟಿಕೆಟ್ ಎಷ್ಟಿತ್ತು, ಅಹ್ಮದ್ ಖಾನ್ ಚೆಂಡು ಹಿಡಿದಾಗ ಜನ ಏನಂತ ಕೂಗುತ್ತಿದ್ದರು, ಅಷ್ಟಾದರೂ ಸಾಕು. ಬಂಗಾಳಿಯಲ್ಲಿ ಅದನ್ನೆಲ್ಲ ಆಗಲೇ ಬರೆದುಕೊಂಡಿದ್ದಾರೆ.